ಮಾವನವರ ಫೋಟೋಗೆ ಹಾರ

ಕೃತಕ ಬುದ್ಧಿಮತ್ತೆಯಿಂದ ಸಮಾಜಕ್ಕೆ ಲಾಭವೋ ನಷ್ಟವೋ ಎಂದು ವಿಜಯನಗರದ ನಮ್ಮ ಪಾರ್ಕಿನಲ್ಲಿ ದಿನವೂ ಜಗಳ. ನಾನು ಲಾಭದ ಪಕ್ಷದ ಸ್ವಯಂಘೋಷಿತ ನಾಯಕ. ವಾಕಿಂಗ್ ಗೆಳೆಯ ಬಸವರಾಜು ನಷ್ಟದ ಕಡೆ.

"ನೋಡ್ತಾ ಇರಿ ಸಾರ್, ಇರೋ ಕೆಲಸಾನೂ ಹೋಗುತ್ತೆ. ಸುಳ್ಳು ಯಾವುದು, ನಿಜ ಯಾವುದು ಅಂತಾನೂ ಗೊತ್ತಾಗಲ್ಲ!"

"ಡಾಕ್ಟರಿಗೆ ಅನುಕೂಲ, ರೈತನಿಗೆ ಅನುಕೂಲ! ಮಿಕ್ಸಿ ಬಂದಾಗ್ಲೂ ಹಿಂಗೇ ಹೆದರಿದ್ರಲ್ಲ ನೀವು?" ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಹೀಗಿರುವಾಗ ಹೇರೋಹಳ್ಳಿಯಲ್ಲಿರುವ ಮಾವನವರ ಎಪ್ಪತ್ತೈದನೇ ಹುಟ್ಟುಹಬ್ಬ ಬಂತು. ಮದುವೆಯಾದಾಗಿನಿಂದ ಅವರು ನನಗೆ ಒಮ್ಮೆಯೂ 'ಭೇಷ್' ಎಂದವರಲ್ಲ. ಈ ಸಲ ಅನ್ನಿಸಿಯೇ ತೀರಬೇಕೆಂದು ಫೋನು ಹಿಡಿದೆ. ಅದರಲ್ಲಿದ್ದ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಅವರ ಫೋಟೋ ಕೊಟ್ಟು, "ಚೌಕಟ್ಟು ಹಾಕಿ, ದಪ್ಪ ಹೂವಿನ ಹಾರ ಹಾಕಿ, ಮುಂದೆ ದೀಪ ಇಡು. ಗೌರವ ಉಕ್ಕಿ ಹರಿಯಬೇಕು" ಎಂದು ಅಪ್ಪಣೆ ಕೊಟ್ಟೆ. ಕ್ಷಣದಲ್ಲಿ ಚಿತ್ರ ರೆಡಿ. ಊದುಬತ್ತಿಯನ್ನಂತೂ ಅದು ಸ್ವಂತ ಬುದ್ಧಿಯಿಂದಲೇ ಸೇರಿಸಿತ್ತು! ಎಂಥ ಸಂಸ್ಕಾರ ಎಂದು ಹೆಮ್ಮೆಪಟ್ಟು, 'ಪೂಜ್ಯ ಮಾವನವರಿಗೆ ನಮನಗಳು' ಎಂದು ಬರೆದು ನೆಂಟರ ವಾಟ್ಸ್‌ಆ್ಯಪ್ ಗ್ರೂಪಿಗೆ ಕಳಿಸಿ ಸ್ನಾನಕ್ಕೆ ಹೋದೆ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಾವನವರು ತೀರಿಕೊಂಡಿದ್ದರು!

ಗ್ರೂಪಿನ ತುಂಬ 'ಓಂ ಶಾಂತಿ'. ಒಬ್ಬರಾದರೂ ಫೋನ್ ಮಾಡಿ ವಿಚಾರಿಸಬಾರದೇ? ಇಂಥ ನೆಂಟರನ್ನು ಕಟ್ಟಿಕೊಂಡು ಬಾಳಬೇಕಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಶೈಲಜಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಅಪ್ಪ ಫೋನ್ ಮಾಡಿದ್ರು. ತಾವು ಹೋಗಿದ್ದು ಎಷ್ಟೊತ್ತಿಗೆ ಅಂತ ನಿಮ್ಮನ್ನ ಕೇಳ್ಬೇಕಂತೆ!"

ರಸ್ತೆ ಗುಂಡಿಗಳ ಮೇಲೆ ಸ್ಕೂಟರ್ ಹಾರಿಸುತ್ತ ಹೇರೋಹಳ್ಳಿ ತಲುಪಿದೆವು. ಮನೆ ಮುಂದೆ ಷಾಮಿಯಾನದವನು ಕಂಬ ನೆಡುತ್ತಿದ್ದ. ಲಗ್ಗೆರೆಯ ಚಿಕ್ಕಮ್ಮ ಅಳುತ್ತ ಬಂದು, ಬಾಗಿಲು ತೆಗೆದವರು ಮಾವನವರೇ ಎಂದು ಕಂಡು ಕಿಟಾರನೆ ಕಿರುಚಿ ಹೊಸ್ತಿಲಲ್ಲೇ ಕುಸಿದಿದ್ದರು. ಮಾವನವರು ಮಾತ್ರ ತಮಗೆಂದು ಬಂದ ಹಾರಗಳ ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

"ಇದೆಲ್ಲ ಆ ದರಿದ್ರ ಯಂತ್ರದ ಕಿತಾಪತಿ!" ಎಂದು ನಾನು ಗುಡುಗಿದೆ. "ಬದುಕಿರೋರು ಯಾರು, ಸತ್ತೋರು ಯಾರು ಅಂತ ಗೊತ್ತಿಲ್ಲದ್ದನ್ನ ಸಮಾಜದ ಮೇಲೆ ಬಿಟ್ಟಿದಾರಲ್ಲ, ಹೇಳೋರು ಕೇಳೋರು ಯಾರೂ ಇಲ್ವಾ? ಮೊದಲು ಬ್ಯಾನ್ ಮಾಡ್ಬೇಕು!" ಬಸವರಾಜು ಇಷ್ಟು ದಿನ ಹೇಳಿದ್ದೆಲ್ಲ ನನ್ನ ಬಾಯಿಂದಲೇ ಬರುತ್ತಿತ್ತು.

ಶೈಲಜಾ ನನ್ನ ಫೋನು ಕಿತ್ತುಕೊಂಡಳು. ಚಿತ್ರದ ಕೆಳಗೆ ಯಂತ್ರ ಬರೆದಿದ್ದನ್ನು ಎಲ್ಲರಿಗೂ ಕೇಳುವಂತೆ ಓದಿದಳು. "ಹಾರ ಹಾಕಿದ ಫೋಟೋ ಸಾಮಾನ್ಯವಾಗಿ ತೀರಿಕೊಂಡವರದ್ದು. ಇವರು ಬದುಕಿದ್ದರೆ ತಿಳಿಸಿ, ಕೂಡಲೇ ಬದಲಾಯಿಸುತ್ತೇನೆ."

"ಇದನ್ನ ಓದ್ಲಿಲ್ವೇನ್ರೀ?"

"ಚಿತ್ರದ ಕೆಳಗಿರೋದನ್ನ ಯಾರು ಓದ್ತಾರೆ ಕಣೇ?"

ಮಾವನವರು ಕಾಫಿ ಲೋಟ ಕೆಳಗಿಟ್ಟರು. ಮೆಲ್ಲಗೆ ತಲೆದೂಗಿ, "ಭೇಷ್!" ಎಂದರು.

ನಾನು ಎದೆಯುಬ್ಬಿಸಿ ತಲೆಯೆತ್ತಿದೆ. ಅವರು ನೋಡುತ್ತಿದ್ದದ್ದು ಫೋನನ್ನು.