ಕಣ್ಣು ಮುಚ್ಚುವುದಕ್ಕೆ ಎಷ್ಟು?

ನಮ್ಮ ಅತ್ತೆಯಷ್ಟು ಶಾಂತ ಹೆಂಗಸು ಇಡೀ ವಿಜಯನಗರ ಜಾಲಾಡಿದರೂ ಸಿಗುವುದಿಲ್ಲ. ಅವರು ಮಲಗಿದ್ದಾಗಿನ ಮಾತು ಹೇಳುತ್ತಿದ್ದೇನೆ! ಎದ್ದರೆ ಅವರು ಮಾರೇನಹಳ್ಳಿಯ ಪುಟ್ಟ ಶಾಲೆಯೊಂದರ ಹೆಡ್‌ಮಿಸ್. ನಾನು ಅಲ್ಲೇ ಕನ್ನಡ ಹೇಳಿಕೊಡುವ, ಸೋದರಸೊಸೆ ಎಂಬ ಯಾವ ರಿಯಾಯಿತಿಯೂ ಇಲ್ಲದ ಟೀಚರ್.

ಶಾಲೆಯ ಗಂಟೆಯೆಂದರೆ ನೇತುಹಾಕಿದ ರೈಲು ಕಂಬಿಯ ತುಂಡು. ಅದನ್ನು ಹೊಡೆಯುವ ಸರಳು ಅತ್ತೆಯ ವ್ಯಾನಿಟಿ ಬ್ಯಾಗಿನಲ್ಲೇ ವಾಸ. ಬೇರೆಯವರ ಕೈಗೆ ಕೊಟ್ಟರೆ ಪೀರಿಯಡ್ಡು ಹಿಗ್ಗುತ್ತದಂತೆ! ಮದುವೆಮನೆಗೂ ಅದು ಬರುತ್ತದೆ. ಒಮ್ಮೆ ಮೆಟ್ರೋ ತಪಾಸಣೆಯಲ್ಲಿ ಸಿಕ್ಕಿಬಿದ್ದು, ತಾನು ಹೆಡ್‌ಮಿಸ್ಸೆಂದು ವಾದಿಸಿ ಸೋತು, ಬಸ್ಸು ಹತ್ತಿ ಬಂದರು.

ಇಂಥವರಿಗೆ ಟೀಚರುಗಳ ಮನಶ್ಶಾಂತಿಯ ಯೋಚನೆ ಹತ್ತಿದ್ದು ನಮ್ಮ ಗಣಿತದ ಮಿಸ್ಸಿನಿಂದ. ಅವಳ ಅಪ್ಪ ಹಾಸಿಗೆ ಹಿಡಿದಿದ್ದರು. ರಾತ್ರಿಯೆಲ್ಲ ಅವರ ಆರೈಕೆ, ಬೆಳಗ್ಗೆ ಅನ್ನಪೂರ್ಣೇಶ್ವರಿ ನಗರದಿಂದ ಬಸ್ಸು, ಆಮೇಲೆ ಬೀಜಗಣಿತ. ಮಕ್ಕಳ ಮೇಲೆ ರೇಗುವಳು, ಸ್ಟಾಫ್‌ರೂಮಿಗೆ ಬಂದು ಅಳುವಳು. ಈ ತಿಂಗಳು ಮುಗಿಸಿ ಕೆಲಸ ಬಿಡುತ್ತೇನೆ ಎಂದಳು. ಆ ಸಂಬಳವಿಲ್ಲದೆ ಅವಳ ಮನೆ ನಡೆಯುವಂತಿರಲಿಲ್ಲ. ಅವಳಿಲ್ಲದೆ ನಮ್ಮ ಹತ್ತನೇ ಕ್ಲಾಸೂ ನಡೆಯುವಂತಿರಲಿಲ್ಲ.

ಯಾರದೋ ಮಾತು ಕೇಳಿ ಅತ್ತೆ ಮೈಂಡ್‌ಫುಲ್‌ನೆಸ್ ಕಲಿಸುವವರೊಬ್ಬರನ್ನು ಕರೆಸಿದರು. ತಲೆಗಿಷ್ಟು ಎಂದು ಆತ ಫೀಸು ಹೇಳಿದ್ದೇ ತಡ, ಅತ್ತೆ ಸೊಪ್ಪಿನವಳ ಬುಟ್ಟಿಯ ಮುಂದೆ ಕೂತಂತೆ ಕೂತರು.

"ಕಣ್ಣು ಮುಚ್ಕೊಂಡು ಕೂರೋದಕ್ಕೆ ಇಷ್ಟಾ ಸಾರ್? ಬಿಟ್ಕೊಂಡೇ ಕೂತ್ರೆ ಎಷ್ಟಾಗುತ್ತೆ?"

ಆತ ನಗಲಿಲ್ಲ. ಅತ್ತೆಯೂ ತಮಾಷೆಗೆ ಕೇಳಿರಲಿಲ್ಲ. ಕೊನೆಗೆ, ಸೋರುವ ಸ್ಟಾಫ್‌ರೂಮಿಗೆ ಹೊಸ ಶೀಟು ಹಾಕಿಸಲೆಂದು ಎತ್ತಿಟ್ಟಿದ್ದ ದುಡ್ಡಿಗೆ ಒಂದು ಶನಿವಾರದ ಮಧ್ಯಾಹ್ನ ಕುದುರಿತು. ಊಟಕ್ಕೆ ಅತ್ತೆಯ ಮನೆಯ ಚಿತ್ರಾನ್ನ.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ ನಾವು ಸ್ಟಾಫ್‌ರೂಮಿನಲ್ಲಿ ಕಣ್ಣು ಮುಚ್ಚಿ ಕೂತೆವು. ಶಾಂತಿ ನೆಲೆಸಲೆಂದು ಆತ ಪುಟ್ಟದೊಂದು ಕಂಚಿನ ಗಂಟೆ ಬಾರಿಸಿದರು. ಅಷ್ಟೇ! ನಾವೆಲ್ಲ ಎದ್ದು, ಡಸ್ಟರ್ ಹಿಡಿದು ಹೊರಟೆವು. ವರ್ಷಗಳ ಅಭ್ಯಾಸ, ಬಿಡುತ್ತದೆಯೇ? ಖಾಲಿ ಏಳನೇ ಕ್ಲಾಸಿನಲ್ಲಿ ನಿಂತು ಬೆಂಚುಗಳಿಗೆ ಕೂತುಕೊಳ್ಳಿ ಎಂದ ಮೇಲೆಯೇ ನನಗೆ ಎಚ್ಚರವಾದದ್ದು.

ನಾಚಿಕೊಂಡು ವಾಪಸ್ಸು ಬಂದರೆ, ಗಣಿತದ ಮಿಸ್ ಒಬ್ಬಳು ಮಾತ್ರ ಕೂತಲ್ಲೇ ಇದ್ದಳು. ಮೇಜಿನ ಮೇಲೆ ತಲೆಯಿಟ್ಟು ಗಾಢ ನಿದ್ದೆ. ನಿದ್ದೆ ಬೇರೆ, ಮೈಂಡ್‌ಫುಲ್‌ನೆಸ್ ಬೇರೆ ಎನ್ನುತ್ತಾ ಆತ ಎಬ್ಬಿಸಲು ಹೋದರು. ಅತ್ತೆ ಅಡ್ಡ ನಿಂತರು.

"ಬೇಡ ಸಾರ್, ಮಲಗ್ಲಿ. ನಿಮ್ ದುಡ್ಡು ಎಲ್ಲೂ ಹೋಗಲ್ಲ."

ಅಷ್ಟು ಚೌಕಾಸಿ ಮಾಡಿ ಕೊಂಡ ಮಧ್ಯಾಹ್ನವನ್ನು ನಾವೆಲ್ಲ ಹೊರಗೆ ಜಗಲಿಯ ಮೇಲೆ ಚಿತ್ರಾನ್ನ ತಿನ್ನುತ್ತಾ, ಪಿಸುಗುಟ್ಟುತ್ತಾ ಕಳೆದೆವು.

ಸೋಮವಾರದಿಂದ ಊಟದ ನಂತರದ ಗಂಟೆ ನಿಂತಿದೆ. ಆ ಪೀರಿಯಡ್ಡು ಗಣಿತದ ಮಿಸ್ಸಿಗೆ ಬಿಡುವು. ಸರಳನ್ನು ಬ್ಯಾಗಿನಲ್ಲೇ ಬಿಟ್ಟು, ಚಪ್ಪಲಿ ಕಳಚಿ, ಅತ್ತೆ ಒಂದೊಂದೇ ಕ್ಲಾಸಿನ ಬಾಗಿಲಿಗೆ ಹೋಗಿ, ಪೀರಿಯಡ್ಡು ಶುರು ಎಂದು ಕೈಸನ್ನೆ ಮಾಡುತ್ತಾರೆ. ಕೆಲಸ ಬಿಡುವ ಮಾತನ್ನು ಅವಳು ಮತ್ತೆ ಎತ್ತಿಲ್ಲ.

ಮೊನ್ನೆ ಜೋರು ಮಳೆ. ಪುಸ್ತಕ ಮರೆತು ಸ್ಟಾಫ್‌ರೂಮಿಗೆ ಓಡಿದೆ. ಶೀಟು ಸೋರುತ್ತಿತ್ತು. ಅದರ ಕೆಳಗೆ ಗಣಿತದ ಮಿಸ್ ಎಂದಿನಂತೆ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಬಕೆಟ್ಟಿಟ್ಟರೆ ಸದ್ದಾಗುತ್ತದೆಂದೋ ಏನೋ, ಅತ್ತೆ ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದು ನಿಂತಿದ್ದರು. ಅವರ ಸೀರೆಯ ಒಂದು ಪಕ್ಕ ಪೂರ್ತಿ ನೆನೆದಿತ್ತು. ಅತ್ತೆ ನನ್ನತ್ತ ಕಣ್ಣು ಕೆಕ್ಕರಿಸಿ, ಕ್ಲಾಸಿಗೆ ನಡಿ ಎಂದು ಗದ್ದದಲ್ಲೇ ಬಾಗಿಲು ತೋರಿಸಿದರು.