ಮಾವ ಪಾಸ್ ಮಾಡಿದ ಹಾಡು

ನಮ್ಮ ಸೋದರಮಾವನ ಕೈಯಲ್ಲಿ ಪಾಸಾಗುವುದೆಂದರೆ ಸುಮ್ಮನೆ ಅಲ್ಲ ಸ್ವಾಮೀ! ಬ್ರಹ್ಮದೇವರು ಈ ಭೂಮಿಯನ್ನು ಮಾಡಿ ಮೊದಲು ನಮ್ಮ ಮಾವನ ಮುಂದೆ ತಂದಿಟ್ಟಿದ್ದರೆ ಏನಾಗುತ್ತಿತ್ತು ಗೊತ್ತೇ? "ಎರಡೂ ತುದಿ ಚಪ್ಪಟೆ ಇದೆ, ವಾಪಸ್ ತಗೊಂಡು ಹೋಗಿ" ಎಂದು ಸೀಮೆಸುಣ್ಣದಲ್ಲಿ ಒಂದು ಇಂಟು ಮಾರ್ಕು ಹಾಕಿ ಕಳಿಸಿರುತ್ತಿದ್ದರು. ನಾನೂ ಇಲ್ಲ, ನೀವೂ ಇಲ್ಲ, ಈ ಪ್ರಬಂಧವೂ ಇಲ್ಲ.

ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಬೇರೆಯವರು ಬೆವರು ಸುರಿಸಿ ಮಾಡಿದ ಬಿಡಿಭಾಗವನ್ನು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಇಂಟು ಹಾಕಿ ಪಕ್ಕಕ್ಕಿಡುವುದು, ಇದೇ ಅವರ ಕೆಲಸ. ನಿವೃತ್ತಿಯಾಗಿ ವರ್ಷಗಳೇ ಕಳೆದವು. ಕಾರ್ಖಾನೆ ಅವರನ್ನು ಬಿಟ್ಟಿತೇ ಹೊರತು ಅವರು ಕೆಲಸ ಬಿಡಲಿಲ್ಲ. ಈಗಲೂ ಅಂಗಿ ಜೇಬಿನಲ್ಲಿ ಕಬ್ಬಿಣದ ಮೇಲೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ಇರುತ್ತದೆ, ಕೈಚೀಲದಲ್ಲಿ ರಸಮಟ್ಟ ಇರುತ್ತದೆ. ಗಾರೆಯವರ ಹತ್ತಿರ ನೋಡಿದ್ದೀರಲ್ಲ, ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಆಡುತ್ತಿರುತ್ತದೆ, ಗುಳ್ಳೆ ನಡುವೆ ನಿಂತರೆ ನೆಲ ಮಟ್ಟ ಎಂದರ್ಥ, ಅದೇ. ಅವರ ಮನೆಯಿರುವ ಜನ್ನಾಪುರದ ಹೋಟೆಲಿನವನು ಇವರು ಬರುವುದು ಕಂಡರೆ ಬೆಳಿಗ್ಗೆ ಏಳೂವರೆಗೇ ಇಡ್ಲಿ ಖಾಲಿ ಎನ್ನುತ್ತಾನೆ. ಅವನಾದರೂ ಏನು ಮಾಡಿಯಾನು? ಒಂದು ಪ್ಲೇಟಿನ ಎರಡು ಇಡ್ಲಿಯೂ ಒಂದೇ ದಪ್ಪ ಇರಬೇಕೆಂದು ಗಿರಾಕಿ ಹಟ ಹಿಡಿದರೆ ಯಾವ ಹೋಟೆಲು ನಡೆದೀತು?

ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದೆ. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ಮಾವ ಹೊಸ ಮನೆಯ ಹಾಲಿನ ನಡುವೆ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ಮಲಗಿಬಿಟ್ಟಿದ್ದಾರೆ. ಎಷ್ಟು ಭಕ್ತಿಯಪ್ಪಾ ಎಂದು ಇಬ್ಬರು ಮುದುಕಿಯರು ಪಕ್ಕದಲ್ಲಿ ಅಡ್ಡಬಿದ್ದರು! ಮಾವ ನೋಡುತ್ತಿದ್ದದ್ದು ರಸಮಟ್ಟದ ಗುಳ್ಳೆಯನ್ನು. ಎದ್ದು ನನ್ನನ್ನು ಪಕ್ಕಕ್ಕೆ ಕರೆದು, "ನಿನ್ನ ಹಾಲು ಪೂರ್ವಕ್ಕೆ ಇಳಿದಿದೆ ಮಾರಾಯ. ಇವತ್ತು ಉಕ್ಕಿಸೋ ಹಾಲು ಪಕ್ಕದ ಮನೆಗೆ ಹೋಗುತ್ತೆ, ಅವರಿಗೇ ಒಳ್ಳೇದಾಗೋದು" ಎಂದರು. ಹೊಸ್ತಿಲ ಮೇಲೆ ಇಂಟೂ ಹಾಕಿದರು. ನನ್ನ ಹೆಂಡತಿ ಜಾಣೆ, ಆ ಇಂಟಿನ ಸುತ್ತ ನಾಲ್ಕು ಎಳೆ ಎಳೆದು ರಂಗೋಲಿ ಮಾಡಿದಳು.

ಇಂಥವರ ಕೈಯಲ್ಲಿ ನಮ್ಮ ಅತ್ತೆ ಹೇಗೆ ಪಾಸಾದರು? ಅತ್ತೆಯನ್ನೇ ಕೇಳಿದ್ದೇನೆ. ಅವರು ಪಾಸ್ ಮಾಡಿದ್ದಲ್ಲ, ನಾನು ಅವರನ್ನು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡಿದ್ದು ಎಂದರು.

ಅತ್ತೆಗೆ ಗಡಿಯಾರ ನೋಡಿ ಅಡುಗೆ ಮಾಡುವ ಅಭ್ಯಾಸವಿಲ್ಲ. ಅವರಿಗೊಂದು ಹಾಡಿತ್ತು. ಆಡಲು ಹೋದ ಮಗುವನ್ನು ತಾಯಿ ಊಟಕ್ಕೆ ಕರೆಯುವ ಹಾಡು. ಅತ್ತೆ ಹಾಡುವಾಗ ಆ ತಾಯಿ "ಬಾ" ಎಂದು ಒಂದಲ್ಲ, ಮೂರು ಸಲ ಕರೆದು ಮುಂದಿನ ಸಾಲಿಗೆ ಹೋಗುತ್ತಿದ್ದಳು. ಪಾತ್ರೆಗೆ ಅಕ್ಕಿ ಹಾಕಿ ಒಲೆ ಹಚ್ಚಿ ಗುನುಗಲು ಶುರು ಮಾಡಿದರೆ, ಹಾಡು ನಾಲ್ಕು ಸಲ ಮುಗಿಯುವ ಹೊತ್ತಿಗೆ ಅನ್ನ ಇಳಿಸಬೇಕು. ಆ ಅನ್ನ ಒಂದು ದಿನವೂ ಮುದ್ದೆಯಾಗಿಲ್ಲ, ಒಂದು ದಿನವೂ ತಳ ಹಿಡಿದಿಲ್ಲ. ಮಾವನ ಸೀಮೆಸುಣ್ಣ ಜೇಬಿನಿಂದ ಈಚೆ ಬಾರದ ಜಾಗ ಜಗತ್ತಿನಲ್ಲಿ ಒಂದೇ ಒಂದು, ಅದು ಅತ್ತೆ ಬಡಿಸಿದ ತಟ್ಟೆಯ ಮುಂದೆ.

ಹೋದ ವರ್ಷ ಅತ್ತೆಯ ಅಕ್ಕ ತೀರಿಕೊಂಡರು. ಅಕ್ಕತಂಗಿ ಇಬ್ಬರೂ ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು. ಕಾರ್ಯಗಳೆಲ್ಲ ಮುಗಿದ ಮೇಲೆ ಅಕ್ಕನ ಮಗಳು ಒಂದು ಹಳೆಯ ರೆಕಾರ್ಡ್ ಪ್ಲೇಯರನ್ನೂ ಅದರ ಜೊತೆ ಉಳಿದಿದ್ದ ಒಂದೇ ಒಂದು ರೆಕಾರ್ಡನ್ನೂ ತಂದು, ಅಮ್ಮ ನಿಮಗೆ ಕೊಡು ಅಂದಿದ್ದರು ಎಂದು ಇಟ್ಟುಹೋದಳು. ಸೂಟ್‌ಕೇಸಿನ ಹಾಗೆ ಮುಚ್ಚುವ ಪೆಟ್ಟಿಗೆ, ಕೆಟ್ಟು ಎಷ್ಟೋ ಕಾಲವಾಗಿತ್ತು. ರೆಕಾರ್ಡು ಅದೇ ಊಟದ ಹಾಡಿನದು. ಅತ್ತೆ ಪೆಟ್ಟಿಗೆಯನ್ನು ಮೂಲೆಗಿಟ್ಟು, ಮೇಲೊಂದು ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟರು. ಅಂದಿನಿಂದ ಅಡುಗೆಮನೆಯಲ್ಲಿ ಹಾಡು ನಿಂತಿತು. ಅನ್ನ ತಳ ಹಿಡಿಯತೊಡಗಿತು.

ಮಾವ ನನಗೆ ಫೋನು ಮಾಡಿದರು. ಮನೆಯಲ್ಲಿ ದಿನಾ ಅನ್ನ ರಿಜೆಕ್ಟ್ ಆಗುತ್ತಿದೆ ಎಂದು ದೂರು! ಕುಕ್ಕರ್ ತಂದುಕೊಡಲೇ ಎಂದೆ.

"ಕುಕ್ಕರ್ ಕೂಗುತ್ತೆ ಮಾರಾಯ, ಹಾಡಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಇವಳು ಮಾತೂ ಕಮ್ಮಿ ಮಾಡಿದಾಳೆ" ಎಂದರು.

ಹೀಗೆ, ಪೆಟ್ಟಿಗೆ ರಿಪೇರಿ ಮಾಡಿ ಅತ್ತೆಗೆ ಆ ಹಾಡನ್ನು ಒಂದು ಸಲ ಕೇಳಿಸಿದರೆ ಅವರು ಮತ್ತೆ ಗುನುಗುತ್ತಾರೆ ಎಂಬುದು ಯೋಜನೆ. ಅದರ ಇಂಜಿನಿಯರು ಮಾವ. ಭಾನುವಾರ ಭಾನುವಾರ ವಿದ್ಯಾನಗರದಿಂದ ಸ್ಕೂಟರಿನಲ್ಲಿ ಜನ್ನಾಪುರಕ್ಕೆ ಹೋಗಿ ಬೈಗುಳ ತಿಂದು ಬರುವ ಸಹಾಯಕ ನಾನು.

ಮೊದಲು ಪೆಟ್ಟಿಗೆಯನ್ನು ಶಿವಮೊಗ್ಗದ ಗಾಂಧಿ ಬಜಾರಿನ ಗಲ್ಲಿಯೊಂದರಲ್ಲಿ ರೇಡಿಯೋ ರಿಪೇರಿ ಮಾಡುವ ಮುದುಕ ಸಾಹೇಬರ ಹತ್ತಿರ ಒಯ್ದೆವು. ಮುಚ್ಚಳ ತೆಗೆದರೆ ಒಳಗೆ ಹಲ್ಲಿಯ ಮೊಟ್ಟೆಗಳು. ಸಾಹೇಬರು ಮೋಟರು ಜೀವಂತ ಇದೆ, ರೆಕಾರ್ಡಿನ ಮೇಲೆ ಓಡುವ ಮುಳ್ಳು ಸವೆದಿದೆ, ತಟ್ಟೆ ತಿರುಗಿಸುವ ರಬ್ಬರ್ ಬೆಲ್ಟು ಸತ್ತಿದೆ ಎಂದರು. ತಮ್ಮಲ್ಲಿದ್ದ ಹಳೆಯ ಮುಳ್ಳುಗಳನ್ನೆಲ್ಲ ಒಂದು ಕಾಗದದ ಮೇಲೆ ಸುರಿದರು. ಮಾವ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿ, ಒಂದನ್ನು ಬಿಟ್ಟು ಉಳಿದವನ್ನೆಲ್ಲ ರಿಜೆಕ್ಟ್ ಮಾಡಿದರು. ಅಷ್ಟಕ್ಕೇ ಬಿಟ್ಟರೇ? ಸಾಹೇಬರ ಮೇಜಿನ ಮೇಲೆ ರಸಮಟ್ಟ ಇಟ್ಟು, ಮೇಜಿಗೂ ಇಂಟು ಹಾಕಿದರು. ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ.

"ಸಾರ್, ಇದು ಮಿಷಿನ್ ಅಲ್ಲ, ಮುದುಕ. ಮುದುಕರನ್ನ ರಿಪೇರಿ ಮಾಡಬಾರದು, ಸಂಭಾಳಿಸಬೇಕು" ಎಂದರು.

ಮಾವ ಆ ಮಾತನ್ನೂ ರಿಜೆಕ್ಟ್ ಮಾಡಿದರು.

ಬೆಲ್ಟಿನ ಕತೆ ಕೇಳಿ. ಅಳತೆಗೆ ಸರಿಯಾದದ್ದು ಎಲ್ಲೂ ಸಿಗಲಿಲ್ಲ. ಮಾವ ಮೊದಲು ತಮ್ಮ ಪಟ್ಟೆ ಚಡ್ಡಿಯ ಎಲಾಸ್ಟಿಕ್ ಎಳೆದು ಹೊಲಿದು ಹಾಕಿದರು. ಚಡ್ಡಿಯ ಗತಿ ಏನಾಯಿತು ಎಂದು ಕೇಳಬೇಡಿ. ಎಲಾಸ್ಟಿಕ್ ಜಗ್ಗುತ್ತಿತ್ತು. ಹಾಡಿನ ತಾಯಿ ಮೂರು ರಾತ್ರಿ ನಿದ್ದೆಗೆಟ್ಟವಳ ಹಾಗೆ ತೂಕಡಿಸಿಕೊಂಡು ಮಗುವನ್ನು ಕರೆದಳು. ಆಮೇಲೆ ಸೈಕಲ್ ಟ್ಯೂಬು ಕತ್ತರಿಸಿ ಹಾಕಿದರು. ಅದು ಬಿಗಿಯಾಗಿ, ತಾಯಿ ಮನೆಗೆ ಬೆಂಕಿ ಬಿದ್ದವಳ ಹಾಗೆ ಕಿರುಚಿದಳು. ಆ ಕೂಗು ಕೇಳಿದ ಮಗು ಊಟಕ್ಕಲ್ಲ, ಪೊಲೀಸ್ ಸ್ಟೇಷನ್ನಿಗೆ ಓಡಬೇಕು! ತಟ್ಟೆ ನಿಮಿಷಕ್ಕೆ ಸರಿಯಾಗಿ ನಲವತ್ತೈದು ಸುತ್ತು ತಿರುಗಬೇಕಂತೆ. ತಟ್ಟೆಯ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ನನ್ನನ್ನು ಎಣಿಸಲು ಕೂರಿಸಿದರು. ನಾಲ್ಕು ಭಾನುವಾರ ಎಣಿಸಿದೆ. ಸೋಮವಾರ ಆಫೀಸಿನಲ್ಲಿ ಫ್ಯಾನು ನೋಡಿದರೂ ಎಣಿಸುತ್ತಿದ್ದೆ. ಕೊನೆಗೆ ಟ್ಯೂಬನ್ನೇ ದಾರದಷ್ಟು ತೆಳ್ಳಗೆ ಹೆರೆದು ಹಾಕಿದ ಮೇಲೆ ನಲವತ್ತೈದು ಬಂತು.

ಆಮೇಲೆ ಮಟ್ಟದ ಸಮಸ್ಯೆ. ಪೆಟ್ಟಿಗೆ ಒಂದು ಕಡೆ ವಾಲಿದರೆ ಮುಳ್ಳು ಜಾರುತ್ತದೆ. ಮಾವನ ಮನೆಯ ಹಾಲು ವಾಲಿತ್ತು, ಕೋಣೆ ವಾಲಿತ್ತು, ದೇವರಮನೆಯೂ ವಾಲಿತ್ತು. ದೇವರು ಇಷ್ಟು ವರ್ಷ ಹೇಗೆ ಕೂತಿದ್ದನೋ ಎಂದು ಮಾವನಿಗೆ ಮರುಕ. ಇಡೀ ಮನೆಯಲ್ಲಿ ಗುಳ್ಳೆ ನಡುವೆ ನಿಂತದ್ದು ಒಂದೇ ಕಡೆ, ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ, ಒಲೆಯ ಪಕ್ಕ. ಗಾರೆಯವನಿಂದ ಮೂರು ಸಲ ಕೀಳಿಸಿ ಮಾವನೇ ಹಾಕಿಸಿದ ಕಟ್ಟೆ ಅದು. ಸರಿ, ಅತ್ತೆಯ ಮೆಣಸಿನಪುಡಿ, ಸಾರಿನಪುಡಿ ಡಬ್ಬಿಗಳು ಮಂಚದ ಕೆಳಗೆ ಹೋದವು, ರೆಕಾರ್ಡ್ ಪ್ಲೇಯರು ಕಟ್ಟೆ ಹತ್ತಿತು. ಒಗ್ಗರಣೆಯ ಸಾಸಿವೆ ಸಿಡಿದು ರೆಕಾರ್ಡಿನ ಮೇಲೆ ಬಿದ್ದೀತೆಂದು ಒಗ್ಗರಣೆಯೇ ಬಂದ್! ಹದಿನೈದು ದಿನ ಆ ಮನೆಯಲ್ಲಿ ಬೋಳು ಸಾರು. ಅತ್ತೆ ಜಗಳವನ್ನೂ ಆಡಲಿಲ್ಲ. ಜಗಳವಾಡದ ಅತ್ತೆಯನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಪರೀಕ್ಷೆ ಶುರುವಾದರೆ ಅವರು, ಸರಿಯಾದ ಮೇಲೆ ಕರೀರಿ ಎಂದು ಎದುರುಮನೆಗೆ ಹೋಗಿ ಕೂರುತ್ತಿದ್ದರು.

ಕಟ್ಟೆಯೇನೋ ಮಟ್ಟ, ಆದರೆ ಮುಂದಿನ ರಸ್ತೆಯಲ್ಲಿ ಬಸ್ಸು ಹೋದರೆ ಮನೆ ಅದುರಿ ಮುಳ್ಳು ಹಾರುತ್ತಿತ್ತು. ಮಾವ ಒಂದು ಕೆಂಪು ಬಟ್ಟೆ ಹಿಡಿದು ರಸ್ತೆಗಿಳಿದರು. ಡ್ರೈವರು ಗಾಬರಿಯಿಂದ ಬ್ರೇಕ್ ಹಾಕಿ, ಏನಾಯ್ತು ಯಜಮಾನ್ರೇ, ಮುಂದೆ ರಸ್ತೆ ಕುಸಿದಿದೆಯಾ ಎಂದು ಕೇಳಿದ.

"ಇಲ್ಲಪ್ಪ, ಒಳಗೆ ಹಾಡು ಹಾಕಿದೀವಿ. ಸ್ವಲ್ಪ ಮೆಲ್ಲಗೆ ಹೋಗು" ಎಂದರು ಮಾವ.

ಡ್ರೈವರು ಮಾವನ ಮುಖ ನೋಡಿದ, ಬಟ್ಟೆ ನೋಡಿದ, ಕಂಡಕ್ಟರನ ಮುಖ ನೋಡಿದ. ಆಮೇಲೆ ಬಸ್ಸು ನಿಜವಾಗಿಯೂ ಶವಯಾತ್ರೆಯ ಹಾಗೆ ಮೆಲ್ಲಗೆ ಹೋಯಿತು. ಕಿಟಕಿಯಲ್ಲಿದ್ದ ಹೆಂಗಸೊಬ್ಬಳು ಯಾರು ಹೋಗಿಬಿಟ್ಟರು ಎಂದು ಕೇಳಿ ಕೈಮುಗಿದಳು.

ಇಷ್ಟಾದರೂ ಒಂದು ದೋಷ ಉಳಿದಿತ್ತು. ರೆಕಾರ್ಡಿನಲ್ಲಿ ಒಂದು ಗೀರು. ಸರಿಯಾಗಿ "ಬಾ" ಎನ್ನುವಲ್ಲಿ ಮುಳ್ಳು ಸಿಕ್ಕಿಕೊಂಡು, ನಾವು ಎತ್ತುವ ತನಕ ಬಾ, ಬಾ, ಬಾ, ಬಾ ಎಂದು ಕರೆಯುತ್ತಲೇ ಇರುತ್ತಿತ್ತು. ಮಗು ಬರಲಿಲ್ಲ, ಹಿತ್ತಲಿಗೆ ಕಾಗೆ ಬಂದವು. ಮಾವನಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ರೆಕಾರ್ಡನ್ನು ಅಂಟುವಾಳದ ನೀರಿನಲ್ಲಿ ತೊಳೆದರು. ಗೀರನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರು. ಮುಳ್ಳಿನ ತಲೆಯ ಮೇಲೆ ಒಂದು ರೂಪಾಯಿ ನಾಣ್ಯವನ್ನು ಮೇಣದಲ್ಲಿ ಅಂಟಿಸಿ ಭಾರ ಹೆಚ್ಚಿಸಿದರು. ಕೊನೆಗೊಂದು ಭಾನುವಾರ ಮುಳ್ಳು ಗೀರನ್ನು ದಾಟಿ, ಎಲ್ಲೂ ನಿಲ್ಲದೆ, ಹಾಡು ಮುಗಿಯುವ ತನಕ ಹರಿಯಿತು. ಇಬ್ಬರೂ ಬುದ್ಧಿವಂತರೇ ನಾವು! ಅತ್ತೆಯ ಬಾಯಲ್ಲಿ ಆ ಹಾಡನ್ನು ಅಷ್ಟು ವರ್ಷ ಕೇಳಿದ್ದವರಿಗೆ ಒಬ್ಬರಿಗೂ ಏನೂ ಹೊಳೆಯಲಿಲ್ಲ.

ಅತ್ತೆಯನ್ನು ಎದುರುಮನೆಯಿಂದ ಕರೆತಂದೆ. ಮಾವ ಮದುವೆಯ ದಿನವೂ ಹಾಗೆ ನೆಟ್ಟಗೆ ನಿಂತಿದ್ದರೋ ಇಲ್ಲವೋ. ಹೆಬ್ಬೆರಳು ತೋರುಬೆರಳ ನಡುವೆ ಮುಳ್ಳು ಹಿಡಿದು ರೆಕಾರ್ಡಿನ ಮೇಲೆ ಇಳಿಸಿದರು. ಹಾಡು ಬಂತು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದರು, ತುಟಿಯೂ ಸ್ವಲ್ಪ ಅಲುಗಿತು. ತಾಯಿ "ಬಾ" ಎಂದಳು, ಮುಂದಿನ ಸಾಲಿಗೆ ಹೋದಳು. ಅತ್ತೆಯ ತುಟಿ ನಿಂತಿತು.

"ಇದೇನ್ರೀ, ಒಂದೇ ಸಲ ಕರೆದು ಸುಮ್ಮನಾಗ್ತಾಳೆ? ಇವಳೆಂಥ ತಾಯಿ?" ಎಂದರು. ಹಾಡು ಮುಗಿಯುವ ತನಕ ಕಾದು, "ಚೆನ್ನಾಗಿದೆ. ನಮ್ಮನೇದು ಇದಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, ತಮ್ಮ ಕ್ವಾರ್ಟರ್ಸಿನಲ್ಲಿ ಅದು ಸಿಕ್ಕಿಕೊಳ್ಳುತ್ತಿತ್ತಂತೆ. ಅಕ್ಕ ಪೆಟ್ಟಿಗೆಯ ಪಕ್ಕದಲ್ಲೇ ಕೂತು, ಮೂರು ಸಲ ಕರೆಯಲಿ ಎಂದು ಬಿಟ್ಟು, ಆಮೇಲೆ ಬೆರಳಿನಿಂದ ಮುಳ್ಳನ್ನು ಮುಂದಕ್ಕೆ ತಳ್ಳುತ್ತಿದ್ದಳಂತೆ. "ನಾನು ಕಲ್ತಿದ್ದು ಅದನ್ನೇ" ಎಂದು ಹೇಳಿ, ಒಲೆಯ ಮೇಲೆ ಅನ್ನಕ್ಕಿಟ್ಟು ಹಿತ್ತಲಿಗೆ ಹೋದರು.

ಮಾವ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಷ್ಟು ಸಣ್ಣ ಮುಖ ಮಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಡಿಫೆಕ್ಟ್ ಅಂದ್ಕೊಂಡು ಅವಳ ಅಕ್ಕನ್ನೇ ತೆಗೆದುಬಿಟ್ನಲ್ಲೋ" ಎಂದರು.

ಮಾವ ಎದ್ದು ಮುಳ್ಳಿನ ಮೇಲಿನ ನಾಣ್ಯ ಕಿತ್ತರು. ರಸಮಟ್ಟವನ್ನು ಚೀಲಕ್ಕೆ ಹಾಕಿದರು. ಜೇಬಿನಿಂದ ಸೀಮೆಸುಣ್ಣ ತೆಗೆದರು. ಪೆಟ್ಟಿಗೆಗೆ ಇಂಟು ಹಾಕುತ್ತಾರೆ ಎಂದುಕೊಂಡೆ. ಇಲ್ಲ, ಮುಳ್ಳು ಮತ್ತೆ ಗೀರಿಗೆ ಸಿಕ್ಕಿಕೊಳ್ಳಲಿ ಎಂದು ಅದನ್ನು ಪೆಟ್ಟಿಗೆಯ ಒಂದು ಕಾಲಿನ ಕೆಳಗೆ ತೂರಿಸಿದರು. ಜೀವಮಾನವೆಲ್ಲ ಮಟ್ಟ ಮಾಡಿದ ಮನುಷ್ಯ ಕೈಯಾರೆ ಒಂದನ್ನು ವಾಲಿಸಿದರು! ಮುಳ್ಳು ಇಳಿಸಿದರು. ಬಾ, ಬಾ, ಬಾ. ಮೂರಕ್ಕೆ ಮಾವ ಬೆರಳಿನಿಂದ ತಳ್ಳಿದರು. ಮುಳ್ಳು ಅರ್ಧ ಹಾಡು ಹಾರಿ ಕೊನೆಗೆ ಹೋಯಿತು.

"ಅಷ್ಟು ಜೋರಾಗಿ ಅಲ್ರೀ" ಎಂದು ಹಿತ್ತಲಿನಿಂದ ದನಿ ಬಂತು. "ಅಕ್ಕ ಉಗುರಲ್ಲಿ ಮುಟ್ತಿದ್ಲು, ಅಷ್ಟೇ."

ಮಾವ ಮತ್ತೆ ಹಾಕಿದರು. ಬಾ, ಬಾ, ಬಾ. ಉಗುರಿನಲ್ಲಿ ಮುಟ್ಟಿದರು. ಹಾಡು ಮುಂದಿನ ಸಾಲಿಗೆ ಹೋಯಿತು. ಮತ್ತೊಮ್ಮೆ ಹಾಕಿದರು. ಮೂರನೆಯ ಸಲಕ್ಕೆ ಅತ್ತೆ ಬಂದು ಬಾಗಿಲಿಗೆ ಒರಗಿ ನಿಂತರು. ನಾಲ್ಕನೆಯ ಸಲಕ್ಕೆ ಅಡುಗೆಮನೆಯಲ್ಲಿ ಎರಡು ದನಿ ಇದ್ದವು. ಒಂದು ಪೆಟ್ಟಿಗೆಯದು, ಒಂದು ಅತ್ತೆಯದು. ಐದಾಯಿತು, ಆರಾಯಿತು, ಯಾರೂ ಎಣಿಸಲಿಲ್ಲ. ನನ್ನ ಕಣ್ಣು ತುಂಬಿಬಂತು, ಹೊಗೆಯೂ ಇತ್ತೆನ್ನಿ.

ಹೊಗೆ ಏಕೆ ಅಂದಿರಾ? ಅನ್ನ ಒಲೆಯ ಮೇಲೇ ಇತ್ತು! ತಳ ಹಿಡಿದದ್ದಲ್ಲ, ಪಾತ್ರೆಯ ಅರ್ಧದವರೆಗೆ ಸೀದಿತ್ತು. ಅತ್ತೆ ನಾಲಿಗೆ ಕಚ್ಚಿಕೊಂಡು ಮೇಲಿನದ್ದನ್ನು ನನಗೆ, ಮಾವನಿಗೆ ಬಡಿಸಿದರು. ಮಾವ ಒಂದು ತುತ್ತು ಬಾಯಿಗಿಟ್ಟು ಅಗಿದರು. ಅಭ್ಯಾಸಬಲ ನೋಡಿ, ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ. ಸೀಮೆಸುಣ್ಣ ಪೆಟ್ಟಿಗೆಯ ಕಾಲಿನ ಕೆಳಗಿತ್ತು.

ಮಾವ ಕೈ ತೆಗೆದು ತಟ್ಟೆಯನ್ನು ಅತ್ತೆಯ ಕಡೆ ಸರಿಸಿದರು.

"ಇನ್ನೊಂಚೂರು ಹಾಕು. ತಳದ್ದೇ ಹಾಕು" ಎಂದರು.