ಸ್ಟೋರ್ ಗೋಡೆಯ ಮೇಲೆ ನಲವತ್ತು ಮೇಣದ ಬತ್ತಿ

ಆಗ ನನಗೆ ಅರವತ್ತೆರಡು. ಏಳು ವರ್ಷದ ಹಿಂದಿನ ಮಾತು. ಎರಡನೇ ಕ್ಲಾಸಿನಾಚೆ ನನ್ನ ಓದು ಹೋಗಿಲ್ಲ. ನಾನು ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಅಂಥವಳು ಕಾಫಿ ಮಾರ್ಕೆಟ್ಟಿನ ಮನಸ್ಸು ಓದಲು ಹೊರಟೆ. ಓದಿಯೂ ಬಿಟ್ಟೆ!

ಹಿಂದಿನ ಫಸಲಿನ ಹನ್ನೊಂದು ಮೂಟೆ ಕಾಫಿ ಸ್ಟೋರಿನಲ್ಲೇ ಇತ್ತು. ಅದನ್ನು ಮಾರಿ, ಕಾಫಿ ಒಣಗಿಸುವ ಕಣಕ್ಕೆ ಸಿಮೆಂಟ್ ಹಾಕಿಸುವುದೆಂದು ಮಾತಾಗಿತ್ತು. ಮದುವೆಯಾಗಿ ಬಂದಾಗಿನಿಂದ ಆ ಮಣ್ಣಿನ ಕಣಕ್ಕೆ ವರ್ಷ ವರ್ಷ ಸಗಣಿ ಸಾರಿಸುತ್ತಿರುವವಳು ನಾನು. ಕಣ ಮನೆಯವರೆಲ್ಲರದು, ಸೊಂಟ ಮಾತ್ರ ನನ್ನದು. ದೋಣಿಗಲ್ಲಿನ ಗಾರೆ ಮೇಸ್ತ್ರಿಗೆ ಹೇಳಿಯಾಗಿತ್ತು. ಹೊಸ ಹಣ್ಣು ಕೊಯ್ಯುವುದರೊಳಗೆ ಕೆಲಸ ಮುಗಿಯಬೇಕು. ಮೂಟೆ ಮಾರುವುದೊಂದೇ ಬಾಕಿ.

ಅಷ್ಟರಲ್ಲಿ ರೈಟರ್ ಶಾಂತಪ್ಪ ಬಂದ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ರಿಟೈರಾದವನು. ಈಗ ಹಾನುಬಾಳಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ. ಪರದೇಶದ ಕಾಫಿ ರೇಟಿನ ಹಾಳೆಯೊಂದನ್ನು ಜಗಲಿಯ ಮೇಲೆ ಹರಡಿದ. ನೋಡಿದರೆ ಸಾಲು ಸಾಲು ಮೇಣದ ಬತ್ತಿ!

"ಒಂದು ಬತ್ತಿ ಅಂದ್ರೆ ಒಂದು ದಿನ ಗಂಗಕ್ಕ. ಬೆಳಿಗ್ಗೆ ಶುರುವಾದ ರೇಟಿಗೂ ಸಂಜೆ ಮುಗಿದ ರೇಟಿಗೂ ನಡುವೆ ಇರೋದು ಬತ್ತಿ ಮೈ. ಮೇಲೆ ಕೆಳಗೆ ಇರೋ ಗೆರೆ, ಆವತ್ತು ಎಲ್ಲಿವರೆಗೂ ಹತ್ತಿ ಎಲ್ಲಿವರೆಗೂ ಇಳೀತು ಅನ್ನೋದು."

"ಈ ಒಂದಕ್ಕೆ ಮೈನೇ ಇಲ್ವಲ್ಲೋ? ಕೂಡೋ ಲೆಕ್ಕದ ಗುರುತಿನ ಥರ ಐತೆ."

"ಅದೇ ಡೋಜಿ. ಬೆಳಿಗ್ಗೆ ಎಲ್ಲಿತ್ತೋ ಸಂಜೆ ಅಲ್ಲೇ ಬಂದು ನಿಂತೈತೆ. ಕೊಳ್ಳೋನೂ ಗೆದ್ದಿಲ್ಲ, ಮಾರೋನೂ ಗೆದ್ದಿಲ್ಲ. ಏನ್ಮಾಡ್ಬೇಕು ಅಂತ ಮಾರ್ಕೆಟ್ಟಿಗೇ ಗೊತ್ತಿಲ್ಲ. ಅದು ಬಂದ್ರೆ ದುಡುಕಬಾರದು. ಮಾರನೇ ದಿನದ ಬತ್ತಿ ನೋಡಿ ತೀರ್ಮಾನ ಮಾಡ್ಬೇಕು."

ಅಕ್ಷರವೇ ಬೇಡದ ವಿದ್ಯೆ! ನನಗೆಂದೇ ಮಾಡಿಸಿದಂತಿತ್ತು.

ಪರದೇಶದ ರೇಟು ನಮಗೇಕೆ? ಹಾನುಬಾಳಿನ ಕಾಫಿ ಸಾಹುಕಾರರು ಅಂಗಡಿಯ ಮುಂದಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ರೇಟು ಬರೆಯುತ್ತಾರಲ್ಲ. ಜೀಪು ಓಡಿಸುವ ರಾಜನಿಗೆ ಹೇಳಿದೆ, ಬೆಳಿಗ್ಗೆಯ ಟ್ರಿಪ್ಪಿಗೊಮ್ಮೆ ಸಂಜೆಯ ಟ್ರಿಪ್ಪಿಗೊಮ್ಮೆ ಹಲಗೆ ನೋಡಿ ಬಂದು ನಮ್ಮ ಗೇಟಿನ ಹತ್ತಿರ ರೇಟು ಕೂಗು ಅಂತ. ಅವನು ಕೂಗಿದ. ನಾನು ಇದ್ದಿಲಿನಲ್ಲಿ ಸ್ಟೋರ್ ಗೋಡೆಯ ಮೇಲೆ ಬರೆದೆ.

ಮೊದಲ ದಿನವೇ ಬೆಳಿಗ್ಗೆಗೂ ಸಂಜೆಗೂ ಒಂದೇ ರೇಟು. ಡೋಜಿ! ಅಡ್ಡಗೆರೆ ಎಳೆದೆ. ನಡುವೆ ಎಷ್ಟು ಹತ್ತಿತೋ ಇಳಿಯಿತೋ ತಿಳಿಯದು. ಆದರೂ ದಾರವಿಲ್ಲದ ಬತ್ತಿ ಚೆನ್ನಾಗಿರುವುದಿಲ್ಲವೆಂದು ಅಂದಾಜಿನ ಮೇಲೆ ಉದ್ದಗೆರೆಯನ್ನೂ ಎಳೆದೆ. ಎರಡನೇ ದಿನವೂ ಡೋಜಿ. ಮೂರನೇ ದಿನವೂ ಡೋಜಿ. ದಿನಾ ಮಾರನೇ ದಿನದ ಬತ್ತಿಗೆ ಕಾದೆ.

ಹದಿನೈದನೇ ದಿನ ನಮ್ಮ ಯಜಮಾನರಿಗೆ ತಾಳ್ಮೆ ತಪ್ಪಿತು.

"ಲೇ, ಹೋದ ವಾರಕ್ಕಿಂತ ಈ ವಾರ ಕಮ್ಮಿ ಆಗೈತಲ್ಲೇ. ಮಾರಿಬುಡಾಣ."

"ಸುಮ್ನಿರ್ರಿ. ಹೋದ ವಾರದ್ದು ಹೋದ ವಾರಕ್ಕಾಯ್ತು. ಬೆಳಿಗ್ಗೆಗೂ ಸಂಜೆಗೂ ಸಮ ಐತೆ. ಮಾರ್ಕೆಟ್ಟು ಇನ್ನೂ ಯೋಚ್ನೆ ಮಾಡ್ತೈತೆ."

"ಇಷ್ಟು ದಿನ ಯೋಚ್ನೆ ಮಾಡೋಕೆ ಅದೇನು ಹೆಣ್ಣು ನೋಡೋಕೆ ಬಂದೈತಾ?"

ಮೇಸ್ತ್ರಿ ಎರಡು ಸಲ ಹೇಳಿಕಳಿಸಿದ. ಮಾರುಕಟ್ಟೆಯು ಅನಿಶ್ಚಿತ ಸ್ಥಿತಿಯಲ್ಲಿರುವ ಕಾರಣ ದಯವಿಟ್ಟು ಸಹಕರಿಸಬೇಕೆಂದು ಎರಡು ಸಲವೂ ತಿಳಿಸಿದೆ. ಮೂರನೇ ಸಲ ಹೇಳಿಕಳಿಸಲಿಲ್ಲ. ಹೊಂಗಡಹಳ್ಳಕ್ಕೆ ಬೇರೆಯವರ ಕಣಕ್ಕೆ ಹೋಗಿಬಿಟ್ಟ.

ನಲವತ್ತೊಂದನೇ ದಿನ ಸಂಜೆ ಶಾಂತಪ್ಪ ಬಂದವನು ಸ್ಟೋರಿನ ಬಾಗಿಲಲ್ಲೇ ನಿಂತ.

"ಇದೇನು ಗಂಗಕ್ಕ, ಆಸ್ಪತ್ರೆ ಗೋಡೆ ಮಾಡ್ಬುಟ್ಟಿದ್ದೀರಿ?"

"ನಲವತ್ತು ಡೋಜಿ ಕಣೋ. ಒಂದೂ ತಪ್ಪಿಲ್ಲ."

"ಸಾಲಾಗಿ ನಲವತ್ತು ಡೋಜಿ ಪರದೇಶದಲ್ಲೂ ಬರಲ್ಲ ಮಾರಾಯ್ರೆ! ಯಾರು ಹೇಳಿದ್ದು ರೇಟು?"

ಹೇಳುವವನ ಜೀಪು ಅಷ್ಟರಲ್ಲಿ ಗೇಟಿಗೆ ಬಂತು. ಶಾಂತಪ್ಪ ಅವನನ್ನು ಇಳಿಸಿಯೇ ಕೇಳಿದ.

"ಹಲಗೆ ಮೇಲೆ ಬೆಳಿಗ್ಗೆ ಒಂಬತ್ತಕ್ಕೆ ಒಂದ್ಸಲ ಬರೀತಾರೆ, ಅಷ್ಟೇ ಕಣ್ರೀ," ಅಂದ ರಾಜ. "ಮಾರನೇ ದಿನದವರೆಗೂ ಅಳಿಸಲ್ಲ. ಅಮ್ಮೋರು ಎರಡು ಸಲ ಕೇಳಿದ್ರು. ನಾನು ಎರಡು ಸಲ ಹೇಳ್ದೆ."

ಆ ಹಲಗೆಯ ಮುಂದೆ ವರ್ಷಗಟ್ಟಲೆ ಮೂಟೆ ಇಳಿಸಿದವಳು ನಾನು. ಮಧ್ಯಾಹ್ನ ಅದನ್ನು ಯಾರಾದರೂ ಮುಟ್ಟಿದ್ದನ್ನು ಒಂದು ದಿನವೂ ಕಂಡಿಲ್ಲ. ಮಾರ್ಕೆಟ್ಟು ನಲವತ್ತು ದಿನವೂ ಗಟ್ಟಿ ಮನಸ್ಸು ಮಾಡಿ ಕೆಳಗಿಳಿದಿತ್ತು. ತೀರ್ಮಾನವಿಲ್ಲದೆ ಕೂತಿದ್ದವಳು ನಾನೊಬ್ಬಳೇ!

"ಈಗ ಮಾರಾಣ್ವಾ?" ಅಂದರು ಯಜಮಾನರು. "ಇಲ್ಲ, ನಾಳೆ ಬತ್ತಿನೂ ನೋಡ್ಬೇಕಾ?"

ಆ ಜೀಪಿಗೇ ಹನ್ನೊಂದು ಮೂಟೆ ಹಾಕಿಸಿದೆ. ಬಂದದ್ದು ಸಿಮೆಂಟಿಗೆ ಸಾಲಲಿಲ್ಲ. ಸಾಲಿದ್ದರೂ ಮೇಸ್ತ್ರಿ ಇರಲಿಲ್ಲ. ಗಿಡದಲ್ಲಿ ಹೊಸ ಹಣ್ಣು ಕೆಂಪಾಗಿ ಕಾಯುತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಎದ್ದು, ಕೊಟ್ಟಿಗೆಯಿಂದ ಸಗಣಿ ತಂದು ಕಲಸಿ, ಸೊಂಟ ಬಗ್ಗಿಸಿ ಕಣ ಸಾರಿಸಿದೆ. ಬಕೆಟ್ಟಿನ ತಳದಲ್ಲಿ ಒಂದಿಷ್ಟು ಉಳಿಯಿತು. ಅದನ್ನು ಸ್ಟೋರ್ ಗೋಡೆಗೆ ಬಳಿದೆ.